‘ಬತ್ತೆ’ ಅಂದದ್ದೇ ತಪ್ಪಾಯಿತು

ನಾವುಂದದಿಂದ ಹೊರಟ ಬಸ್ಸು ಕುಂದಾಪುರ ತಲುಪುವಾಗ ಖಾಸಗಿ ಆಸ್ಪತ್ರೆಯೊಂದರ ಗೇಟಿನಲ್ಲಿ ಹೊಸ ಬೋರ್ಡ್ ಕಂಡಿತು. ಅದರಲ್ಲಿ ನನ್ನದೇ ಹೆಸರು, ಕೆಳಗೆ ‘ಎಂ.ಡಿ., ಪ್ರತಿದಿನ ಲಭ್ಯ’. ಅಲ್ಲಿನ ಕೆಲಸ ಬೇಡವೆಂದು ನಾನು ಸಂದರ್ಶನದಿಂದ ಎದ್ದು ಬಂದು ನಾಲ್ಕು ದಿನವೂ ಆಗಿರಲಿಲ್ಲ.

ಬಸ್ಸಿಳಿದವನೇ ಮಾಲೀಕರ ಕೋಣೆಗೆ ನುಗ್ಗಿದೆ. ಮುಂಬೈಯಲ್ಲಿ ಹೋಟೆಲ್ ನಡೆಸಿ, ಊರಿಗೆ ಬಂದು ಆಸ್ಪತ್ರೆ ಕಟ್ಟಿಸಿದವರು ಅವರು. ಎಂ.ಡಿ. ಮುಗಿಸಿದ ಮೇಲಿನ ಆ ಮೊದಲ ಸಂದರ್ಶನದಲ್ಲಿ, ಸೀನಿಯರ್‌ಗಳು ಹೇಳಿಕೊಟ್ಟಂತೆ ವಾರಕ್ಕೊಂದು ರಜೆ, ಲಿಖಿತ ಕರಾರು ಕೇಳಿದ್ದೆ. ಅವರು ಒಂದಕ್ಕೂ ಒಪ್ಪಿರಲಿಲ್ಲ.

“ನಾನು ಯಾವಾಗ ಒಪ್ಪಿದೆ?” ಎಂದೆ.

“ಹ್ವಾಯ್ ಡಾಕ್ಟ್ರೆ, ಬಾಗ್ಲಲ್ ನಿಂತ್ಕಂಡ್ ‘ಬತ್ತೆ’ ಅಂದದ್ದ್ ನೀವೇ ಅಲ್ದಾ?”

ಅಂದದ್ದು ನಿಜ. ಎಲ್ಲಿಂದ ಹೊರಡುವಾಗಲೂ ‘ಹೋತೆ’, ಹೋಗುತ್ತೇನೆ, ಅನ್ನಬಾರದು, ‘ಬತ್ತೆ’, ಬರುತ್ತೇನೆ, ಅನ್ನಬೇಕೆಂದು ಅಮ್ಮ ಕಲಿಸಿದ್ದಳು. ಇದೇ ಊರಲ್ಲಿ ಹುಟ್ಟಿದ ಅವರಿಗೂ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಹೊರಗೆ ಬೆಂಚಿನ ತುಂಬ ರೋಗಿಗಳು ನನ್ನ ಹೆಸರಿನ ಚೀಟಿ ಹಿಡಿದು ಕೂತಿದ್ದರು. ಸ್ಟೆತಸ್ಕೋಪ್ ತೆಗೆದು ನಾನೂ ಕೂತೆ.

ಆರು ವರ್ಷವಾಯಿತು, ಕರಾರು ಇನ್ನೂ ಬರೆದಿಲ್ಲ. ಕಳೆದ ತಿಂಗಳು ರಾಜೀನಾಮೆ ಪತ್ರವನ್ನು ಅವರ ಮೇಜಿನ ಮೇಲಿಟ್ಟು ಹೊರಟೆ. ಬಾಗಿಲಲ್ಲಿ ಬಾಯಿ ತಾನಾಗಿಯೇ ‘ಬತ್ತೆ’ ಅಂದಿತು. ಮೊನ್ನೆ ನನ್ನ ಹೆಸರಿನ ಬೋರ್ಡಿಗೆ ಹೊಸ ಬಣ್ಣ ಹೊಡೆಸಿದ್ದಾರೆ.