ಕ್ವಾಲಾಲಂಪುರದಲ್ಲಿ ಹೇಳಬೇಕಿದ್ದ ಮಾತು

೨೦೦೭ರ ಜುಲೈ, ಸಿಡ್ನಿಯ ಶಾಲೆಗಳಿಗೆ ಚಳಿಗಾಲದ ರಜೆ. ಅಕ್ಕನ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ನಾನೊಬ್ಬಳೇ ಕ್ವಾಲಾಲಂಪುರಕ್ಕೆ ಹೋದೆ. ಹುಡುಗಿಗೆ ಹತ್ತು ವರ್ಷ, ಹುಡುಗನಿಗೆ ಆರು, ನನಗೆ ಇಪ್ಪತ್ತನಾಲ್ಕು. ದಿನಚರಿಯಲ್ಲಿ ಮೊದಲ ದಿನದ ಲೆಕ್ಕ ಹೀಗಿದೆ: ಮಾನೋರೈಲು ಮೂರು ಸಲ, ಟಾಯ್ಲೆಟ್ ಒಂಬತ್ತು ಸಲ, ಜಗಳ ನಾಲ್ಕು, ಕಳೆದುಹೋದ ಚಪ್ಪಲಿ ಒಂದು. ಚಪ್ಪಲಿಯದು ಹುಡುಗನೇ ಬರೆಸಿದ್ದು. ಫುಟ್‌ಪಾತಿನ ಪಕ್ಕದ ತೆರೆದ ಚರಂಡಿಗೆ ತಾನೇ ಒದ್ದು ಬೀಳಿಸಿ, "ಅದನ್ನೂ ಬುಕ್‌ನಲ್ಲಿ ಬರಿ, ಚಿಕ್ಕಿ" ಅಂದ. ಮಕ್ಕಳು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಬರೆದುಕೊಂಡದ್ದನ್ನೇ ಇಲ್ಲಿ ಕೊಡುತ್ತಿದ್ದೇನೆ. ಅವರ ಬಾಯಲ್ಲಿ ಬರುತ್ತಿದ್ದ ಕನ್ನಡ ಅಂದರೆ ಅಮ್ಮ, ಅಪ್ಪ, ಚಿಕ್ಕಿ, ಮೂರೇ. ಸಿಡ್ನಿಯಲ್ಲಿ ಅವರಿದ್ದ ಚಾಟ್ಸ್‌ವುಡ್‌ನ ಬಾಕಿ ಹೆಂಗಸರೆಲ್ಲ ಅವರಿಗೆ ಆಂಟಿಯರು.

ಆ ಲೆಕ್ಕದ ಕೆಳಗೆ ಇನ್ನೊಂದು ಸಾಲಿದೆ: ಹೇಳಲಿಲ್ಲ.

ಹೇಳಬೇಕಾಗಿದ್ದದ್ದು ಇಷ್ಟು. ಅಕ್ಕ, ಭಾವ ಬೇರೆಯಾಗುತ್ತಿದ್ದರು. ನಾವು ಹೊರಟದ್ದು ಸಿಡ್ನಿಯಿಂದ, ವಾಪಸು ಇಳಿಯುವುದು ಮಾತ್ರ ಮೆಲ್ಬರ್ನ್‌ನಲ್ಲಿ. ನಾವು ಊರು ಸುತ್ತುವಷ್ಟರಲ್ಲಿ ಅಕ್ಕ ಚಾಟ್ಸ್‌ವುಡ್‌ನ ಅಪಾರ್ಟ್‌ಮೆಂಟಿನಿಂದ ತನ್ನ ಮತ್ತು ಮಕ್ಕಳ ಸಾಮಾನು ಎತ್ತಿಕೊಂಡು, ಮೆಲ್ಬರ್ನ್‌ನ ಡ್ಯಾಂಡಿನಾಂಗ್‌ನಲ್ಲಿ ನಾನಿದ್ದ ಬೀದಿಯ ಹಿಂದಿನ ಬೀದಿಗೆ ಬರುವುದು. ರಜೆ ಮುಗಿದ ಮೇಲೆ ಮಕ್ಕಳಿಗೆ ಅಲ್ಲಿಯ ಸ್ಕೂಲು. ಆಫೀಸಿಗೆ ನಡೆದು ಹೋಗುವಷ್ಟು ಹತ್ತಿರ ಎಂಬ ಕಾರಣಕ್ಕೆ ಭಾವ ಚಾಟ್ಸ್‌ವುಡ್‌ನಲ್ಲೇ ಉಳಿಯುವುದು. ಮಕ್ಕಳಿಗೆ ತಿಳಿಸಿದ್ದು ಮಾತ್ರ ಬೇರೆ: ಚಿಕ್ಕಿಗೆ ಆಸ್ಟ್ರೇಲಿಯಾದಲ್ಲೇ ಕಾಯಂ ಇರಲು ಪಿಆರ್ ಬಂತು, ಆ ಖುಷಿಗೆ ಟ್ರಿಪ್ಪು.

ಹೊರಡುವ ಹಿಂದಿನ ದಿನ ಅಡುಗೆಮನೆಯಲ್ಲಿ ಅಕ್ಕ ಚಪಾತಿ ಲಟ್ಟಿಸುತ್ತಾ, "ನೀನೇ ಹೇಳ್ಬಿಡೇ. ನಿನ್ ಜೊತೆ ಅವು ಖುಷಿಯಾಗಿರ್ತವೆ. ಐಸ್‌ಕ್ರೀಮು ಗೀಸ್‌ಕ್ರೀಮು ಕೊಡ್ಸಿ, ಮೆತ್ತಗೆ ಹೇಳು" ಅಂದಳು.

"ನಾನ್ಯಾಕೆ? ಭಾವ ಹೇಳ್ಲಿ."

"ಅವರಾ? ಅವರು ಪವರ್‌ಪಾಯಿಂಟ್ ಮಾಡ್ಕೊಂಡು ಬರ್ತಾರೆ ಅಷ್ಟೆ."

ಹಾಲಿನಿಂದ ಭಾವ, "ಕೇಳಿಸ್ತಿದೆ" ಅಂದರು.

"ಕೇಳಿಸ್ಲಿ ಅಂತಾನೇ ಹೇಳಿದ್ದು."

ಹುಡುಗಿ ಪಕ್ಕದ ಟೇಬಲ್ಲಿನಲ್ಲೇ ಕೂತು ಬಣ್ಣ ತುಂಬುತ್ತಿದ್ದಳು. ಆ ಮನೆಯ ರೀತಿಯೇ ಅದು. ಬೇರೆ ಇಂಡಿಯನ್ನರು ಬಂದರೆ ಹಿಂದಿ, ಮಕ್ಕಳಿಗೆ ಇಂಗ್ಲಿಷ್, ಗುಟ್ಟಿಗೆ ಕನ್ನಡ.

ಕ್ವಾಲಾಲಂಪುರ ಮಕ್ಕಳಿಗೆ ಹಿಡಿಸಿತು. ನಾನಂತೂ ಹೆಚ್ಚು ಹೊತ್ತು ಅವರ ಅಂಗಿಯ ಕಾಲರನ್ನೇ ನೋಡುತ್ತಿದ್ದೆ. ಅಲ್ಲಿಯ ರಸ್ತೆ ದಾಟುವುದು ಒಂದು ವಿದ್ಯೆ. ಸಿಡ್ನಿಯ ಮಕ್ಕಳು ಸಿಗ್ನಲ್ಲಿನಲ್ಲಿ ಹಸಿರು ಮನುಷ್ಯ ಕಾಣಿಸುವ ತನಕ ಕಾಯುತ್ತಾರೆ. ಇಲ್ಲಿ ಹಸಿರು ಮನುಷ್ಯ ಬಂದರೂ ಮೋಟರ್‌ಬೈಕುಗಳು ನಿಲ್ಲುವುದಿಲ್ಲ. ಮೊದಲ ಸಲ ನಾವು ಮೂವರೂ ಕೈಕೈ ಹಿಡಿದು ಎರಡು ಸಿಗ್ನಲ್ ಕಳೆದರೂ ಕದಲದೆ ನಿಂತಾಗ, ಕೈಯಲ್ಲಿ ಹಲಸಿನ ಹಣ್ಣಿನ ಚೀಲ ಹಿಡಿದ ಒಬ್ಬ ಹೆಂಗಸು ನಮ್ಮನ್ನು ನೋಡಿ ನಕ್ಕು, ಅಂಗೈ ಚಾಚಿ ಟ್ರಾಫಿಕ್ಕನ್ನೇ ತಡೆದು ಆಚೆ ದಾಟಿಸಿದಳು. ಹುಡುಗ ಆಮೇಲೆ ಪ್ರತಿ ರಸ್ತೆಯಲ್ಲೂ ಅಂಗೈ ಚಾಚತೊಡಗಿದ. ಹುಡುಗಿ ನಕ್ಷೆ ಹಿಡಿದು ಸ್ಟೇಷನ್ನಿನ ಹೆಸರುಗಳನ್ನು ನನಗಿಂತ ಬೇಗ ಕಲಿತಳು. ಎಲ್ಲಿ ಇಳಿಯಬೇಕು, ಯಾವ ಬಾಗಿಲಿನ ಹತ್ತಿರ ನಿಂತರೆ ಎಸ್ಕಲೇಟರ್ ಹತ್ತಿರ, ಎಲ್ಲ ಅವಳೇ ಹೇಳುವಳು. ತಮ್ಮನ ನೀರಿನ ಬಾಟಲಿ, ಟೋಪಿ ಕೂಡ ಅವಳ ಬ್ಯಾಗಿನಲ್ಲೇ ಇದ್ದವು. ಇಷ್ಟು ಜವಾಬ್ದಾರಿ ಈ ಹುಡುಗಿಗೆ ಯಾವಾಗ ಬಂತು ಎಂದು ಬರೆದುಕೊಂಡಿದ್ದೇನೆ. ಯಾಕೆ ಬಂತು ಎಂದು ಕೇಳಿಕೊಂಡಿಲ್ಲ.

ಎರಡನೆಯ ದಿನ ಐಸ್ ಕಚಾಂಗ್ ಕೊಡಿಸಿದೆ. ಪುಡಿ ಮಾಡಿದ ಮಂಜಿನ ಗುಡ್ಡೆಯ ಮೇಲೆ ಬಣ್ಣದ ಪಾಕ, ಕೆಳಗೆ ಬೇಯಿಸಿದ ಕೆಂಪು ಕಾಳು. ಅಕ್ಕ ಹೇಳಿದ ಐಸ್‌ಕ್ರೀಮಿಗೆ ಅದೇ ಸಮ. ನಾನು ಬಾಯಿ ತೆಗೆಯುವಷ್ಟರಲ್ಲಿ ಹುಡುಗ, "ಐಸ್ ಒಳಗೆ ಸಾಂಬಾರಿನ ಕಾಳು!" ಅಂತ ಕಿರುಚಿ ಬಟ್ಟಲು ಮಗುಚಿದ. ದಿನಚರಿಯಲ್ಲಿ: ಹೇಳಲಿಲ್ಲ.

ಮೂರನೆಯ ದಿನ ಪೆಟಾಲಿಂಗ್ ಬೀದಿಯ ಸಂತೆಯಲ್ಲಿ ಹುಡುಗ ಗಾಜಿಗೆ ಅಂಟುವ ರಬ್ಬರಿನ ಹಲ್ಲಿ ಆರಿಸಿದ. "ನಮ್ಮ ರೂಮಿನ ಕಿಟಕಿಗೆ. ರೈಲು ಕಾಣ್ಸುತ್ತಲ್ಲ, ಆ ಕಿಟಕಿಗೆ."

ನಾನು ದುಡ್ಡು ತೆತ್ತೆ. ಹುಡುಗಿ ಹಲ್ಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದು ಯಾವ ಕಿಟಕಿಗಾದರೂ ಅಂಟುತ್ತೆ" ಅಂದಳು.

ಅವತ್ತು ಮಧ್ಯಾಹ್ನ ಇಂಡಿಯನ್ನರೇ ಹೆಚ್ಚಿರುವ ಬ್ರಿಕ್‌ಫೀಲ್ಡ್ಸ್‌ನಲ್ಲಿ ಬಾಳೆಲೆ ಊಟ. ಹೋಟೆಲಿನ ಬಾಗಿಲಿನಲ್ಲೇ ಕಾರ್ಡ್ ಹಾಕುವ ಫೋನಿತ್ತು. ಮಕ್ಕಳು ಹತ್ತಿರದ ಮೇಜಿನಲ್ಲಿ ಹಪ್ಪಳಕ್ಕೆ ಕಿತ್ತಾಡುತ್ತಿದ್ದರು. ಅಕ್ಕನಿಗೆ ಫೋನ್ ಮಾಡಿದೆ.

"ಹೇಳಿದ್ಯೇನೇ?"

"ಇಲ್ಲ. ನನ್ ಕೈಲಾಗಲ್ಲ. ಏರ್‌ಪೋರ್ಟಿಗೆ ನೀನೇ ಬಾ, ನೀನೇ ಹೇಳು."

"ಇಲ್ಲಿ ಟ್ರಕ್ಕಿನವನು ಬಂದು ನಿಂತಿದ್ದಾನೆ. ಫ್ರಿಜ್ಜು ಯಾರಿಗೆ ಅಂತ ನಿಮ್ಮ ಭಾವ ಇನ್ನೂ ಯೋಚನೆ ಮಾಡ್ತಾ ಇದಾರೆ. ನನ್ ತಲೆ ಕೆಟ್ಟೋಗಿದೆ, ನೀನೊಬ್ಳು ಶುರು ಮಾಡ್ಬೇಡ."

"ಭಾವಂಗೆ ಕೊಡು."

ಭಾವ ಬಂದರು. "ನೋಡಮ್ಮ, ಅವಳು ನಿನ್ ಹತ್ರ ಹೇಳಿಸ್ತೀನಿ ಅಂದ್ಲು, ನಾನು ಓಕೆ ಅಂದೆ. ಈಗ ಪ್ಲ್ಯಾನ್ ಚೇಂಜ್ ಮಾಡಿದ್ರೆ ಹೇಗೆ?"

ಪ್ಲ್ಯಾನ್ ಎಂಬ ಮಾತು ಕೇಳಿ ನನ್ನ ಪಿತ್ತ ನೆತ್ತಿಗೇರಿತು. ಸಾಂಬಾರಿನ ಬಕೆಟ್ ಹಿಡಿದವನೂ ತಿರುಗಿ ನೋಡುವಷ್ಟು ಜೋರಾಗಿ ಅಂದೆ: "ಹೆತ್ತೋರು ನೀವು, ಹೊಲಸು ಬಳಿಯೋಕೆ ನಾನಾ? ನಿಮ್ ಮಕ್ಳು ಕಣ್ರೀ ಅವು, ನನ್ ಮಕ್ಳಲ್ಲ. ನಂಗೇನು ಗ್ರಹಚಾರ?"

ಕಾರ್ಡಿನ ದುಡ್ಡು ಮುಗಿದು ಫೋನು ಕಟ್ಟಾಯಿತು. ಮೇಜಿಗೆ ಬಂದಾಗ ನನ್ನ ಎಲೆಯ ಮೇಲೆ ಎರಡು ಹಪ್ಪಳ ಇದ್ದವು. ಹುಡುಗಿ ತನ್ನದನ್ನೂ ಇಟ್ಟಿದ್ದಳು. ಅದನ್ನು ಪ್ರೀತಿ ಎಂದುಕೊಂಡು ತಿಂದೆ.

ಕೊನೆಯ ದಿನ ಅವಳಿ ಗೋಪುರಗಳ ಕೆಳಗಿನ ಪಾರ್ಕಿಗೆ ಹೋದೆವು. ಅಲ್ಲಿ ಮಕ್ಕಳಿಗೆ ಮೊಣಕಾಲುದ್ದ ನೀರಿನ ಕೊಳ. ಹುಡುಗ ಚಡ್ಡಿಯಲ್ಲೇ ಇಳಿದು ಗುರುತಿಲ್ಲದ ನಾಲ್ಕೈದು ಮಕ್ಕಳ ಜೊತೆ ನೀರೆರಚಾಡತೊಡಗಿದ. ಹುಡುಗಿ ನನ್ನ ಪಕ್ಕ ಕಟ್ಟೆಯ ಮೇಲೆ ಪಾದ ಮಾತ್ರ ನೀರಿಗಿಟ್ಟು ಕೂತಳು. ಇನ್ನು ತಡೆದರೆ ಏರ್‌ಪೋರ್ಟಿನ ಮೆಲ್ಬರ್ನ್ ಬೋರ್ಡೇ ಹೇಳುತ್ತದೆ ಎನಿಸಿತು.

"ನಿನಗೊಂದು ವಿಷಯ ಹೇಳಬೇಕು. ಅವನನ್ನೂ ಕರಿ."

ಅವಳು ಕರೆಯಲಿಲ್ಲ. ನೀರು ನೋಡುತ್ತಲೇ, "ಅವನಿಗೆ ಗೊತ್ತಿಲ್ಲ. ಕೊಳದಲ್ಲಿದ್ದಾಗ ಹೇಳಬೇಡ. ಅವನಿಗೆ ಆಮೇಲೆ ಸ್ವಿಮ್ಮಿಂಗೇ ಬೇಡವಾಗುತ್ತೆ" ಅಂದಳು.

"ಯಾರು ಹೇಳಿದ್ರು ನಿನಗೆ?"

"ಯಾರೂ ಇಲ್ಲ. ನೀವೆಲ್ಲ ಎಷ್ಟು ಜೋರಾಗಿ ಮಾತಾಡ್ತೀರಿ."

"ಯಾವಾಗಿಂದ?"

"ಈಸ್ಟರ್‌ನಿಂದ. ಡ್ಯಾಂಡಿನಾಂಗ್ ಮನೆಯಲ್ಲಿ ಎರಡೇ ಬೆಡ್‌ರೂಮು, ನಾನು ಅಮ್ಮನ ಜೊತೆ ಮಲಗ್ಬೇಕು. ಅದೂ ಗೊತ್ತು." ಪಾದದಿಂದ ನೀರನ್ನು ಮೆಲ್ಲಗೆ ತಳ್ಳಿದಳು. "ಹೋಟೆಲಲ್ಲಿ ನೀನು ಹೇಳಿದ್ದೂ ಗೊತ್ತು. ನಾವು ನಿನ್ನ ಮಕ್ಕಳಲ್ಲ ಅಂದೆ. ಪರವಾಗಿಲ್ಲ. ನಾವು ಅಲ್ವಲ್ಲ."

ಬಾಯಿತಪ್ಪಿ ಕನ್ನಡದಲ್ಲಿ ನೀರು ತಗೊಂಡು ಬಾ ಎಂದರೆ ತರುತ್ತಿದ್ದಳು. ಸ್ಟೋವ್ ಆರಿಸು ಎಂದರೆ ಆರಿಸುತ್ತಿದ್ದಳು. ಅದೇ ಮಗು ಲಾಯರು, ರೆಂಟು, ನಿನ್ನ ಪಾಲು ನನ್ನ ಪಾಲು ಎಂಬ ಮಾತು ಬಂದ ಕೂಡಲೇ ಕಿವುಡಾಗುತ್ತದೆ ಎಂದು ಎರಡು ಡಿಗ್ರಿಗಳ ಅಕ್ಕ, ಮೂರು ಸರ್ಟಿಫಿಕೇಟುಗಳ ಭಾವ ನಂಬಿದ್ದರು. ತಿರುಗಿ ಇಂಗ್ಲಿಷಿನಲ್ಲಿ ಉತ್ತರ ಬರುತ್ತಿತ್ತಲ್ಲ, ಅಷ್ಟು ಸಾಕಾಗಿತ್ತು ಅವರಿಗೆ. ನನಗೂ.

"ಅದು ಕೋಪದಲ್ಲಿ ಅಂದದ್ದು ಕಣೇ. ನಿನ್ನ ಅಪ್ಪ ಅಮ್ಮನ ಮೇಲೆ," ಅಂದೆ.

"ಗೊತ್ತು," ಅಂದಳು. ಅಷ್ಟೇ. ಹುಡುಗ ನೀರಿನಿಂದ ಕೂಗಿದ. ಅವಳು ಎದ್ದು, ಟವೆಲ್ ತೆಗೆದುಕೊಂಡು ಅವನ ಕಡೆ ಹೋದಳು.

ಹುಡುಗನಿಗೆ ಹೇಳಿದ್ದು ಅವಳೇ. ಏರ್‌ಪೋರ್ಟಿನ ಗೇಟಿನಲ್ಲಿ ನಾನು ಕೈಚೀಲ, ಪಾಸ್‌ಪೋರ್ಟು ಎಣಿಸುತ್ತಿದ್ದೆ. ಎರಡು ಸೀಟು ಆಚೆ ಅವನ ಕಿವಿಯಲ್ಲಿ ಏನೋ ಹೇಳುತ್ತಾ ಕೂತಿದ್ದಳು. ಅವನು ಅಳಲಿಲ್ಲ. ಹಲ್ಲಿಯ ಪ್ಯಾಕೆಟ್ ಒಡೆದು ಗೇಟಿನ ದೊಡ್ಡ ಗಾಜಿಗೆ ಅಂಟಿಸಿದ. ಹೊರಡುವಾಗ ಕೀಳಲು ಒಪ್ಪಲಿಲ್ಲ. ಅದು ಅಲ್ಲೇ ಉಳಿಯಿತು. ವಿಮಾನದಲ್ಲಿ ಮೂರು ಸೀಟಿನ ಸಾಲಿನಲ್ಲಿ ನನಗೆ ಕಿಟಕಿ ಬಿಟ್ಟುಕೊಟ್ಟು ಅವರಿಬ್ಬರೂ ಒಟ್ಟಿಗೆ ಕೂತರು. ಊಟದ ಟ್ರೇ ಬಂದಾಗ ಹುಡುಗನ ಬ್ರೆಡ್ಡಿಗೆ ಬೆಣ್ಣೆ ಹಚ್ಚಲು ಕೈ ಚಾಚಿದೆ. ಅವಳು ಆಗಲೇ ಹಚ್ಚಿಯಾಗಿತ್ತು.

ಮೆಲ್ಬರ್ನ್‌ನಲ್ಲಿ ಬೆಳಗಿನ ಚಳಿ. ಅಕ್ಕ ಒಬ್ಬಳೇ ಬಂದಿದ್ದಳು, ಉಗುರುಗಳಲ್ಲಿ ಪ್ಯಾಕಿಂಗ್ ಟೇಪಿನ ಚೂರು. ಮಕ್ಕಳನ್ನು ತಬ್ಬಿಕೊಂಡು, ಅವರ ತಲೆಗಳ ಮೇಲಿಂದ ನನ್ನನ್ನು ನೋಡಿ, ಕನ್ನಡದಲ್ಲಿ, ಅದೇ ಗುಟ್ಟಿನ ಕನ್ನಡದಲ್ಲಿ ಕೇಳಿದಳು: "ಹೇಳಿದ್ಯಾ?"

ನಾನು ಬಾಯಿ ತೆಗೆಯುವ ಮೊದಲೇ ಹುಡುಗಿ ಅಮ್ಮನ ಕೋಟಿನೊಳಗಿಂದ ಉತ್ತರ ಕೊಟ್ಟಳು. ಇಂಗ್ಲಿಷಿನಲ್ಲಿ.

"ಹೇಳಿದ್ರು ಅಮ್ಮ. ಆಂಟಿ ಎಲ್ಲಾ ಹೇಳಿದ್ರು."

ಅಕ್ಕನಿಗೆ ಯಾವುದೂ ತಟ್ಟಲಿಲ್ಲ. ತನ್ನ ಪ್ರಶ್ನೆಗೆ ಮಗಳು ಉತ್ತರ ಕೊಟ್ಟದ್ದೂ ತಟ್ಟಲಿಲ್ಲ. ನನ್ನ ಕೆನ್ನೆ ತಟ್ಟಿ, "ನಂಗೊತ್ತಿತ್ತು, ನೀನು ಮಕ್ಕಳ ಜೊತೆ ಚೆನ್ನಾಗಿ ನಿಭಾಯಿಸ್ತೀಯ" ಅಂದಳು. ಟ್ರಾಲಿ ತಳ್ಳಿಕೊಂಡು ಕಾರ್ ಪಾರ್ಕಿಂಗ್ ಕಡೆ ನಡೆದೆವು.

ಹಿಂದಿನ ಬೀದಿಯಲ್ಲೇ ಮನೆಯಾದ್ದರಿಂದ ಆಮೇಲೆ ದಿನಾ ಭೇಟಿ. ಸ್ಕೂಲ್ ಬಿಟ್ಟ ಮೇಲೆ ಅಕ್ಕ ಶಿಫ್ಟ್ ಮುಗಿಸಿ ಬರುವ ತನಕ ಇಬ್ಬರೂ ನನ್ನ ಮನೆಯಲ್ಲೇ. ಹುಡುಗಿ ಶೂ ಬಿಚ್ಚಿ ಸಾಲಾಗಿ ಇಡುತ್ತಿದ್ದಳು, ತಮ್ಮನದನ್ನೂ ಇಡುತ್ತಿದ್ದಳು. ಹಾಲು ಕೊಟ್ಟರೆ ಥ್ಯಾಂಕ್ ಯೂ ಆಂಟಿ ಅನ್ನುತ್ತಿದ್ದಳು. ತಿಂಗಳೊಳಗೆ ತಮ್ಮನೂ ಹಾಗನ್ನಲು ಕಲಿತ. ಒಂದು ಸಂಜೆ ನಾನು ಅಕ್ಕನ ಜೊತೆ ಫೋನಿನಲ್ಲಿ ಕನ್ನಡದಲ್ಲಿ ಮಾತಿಗೆ ಶುರು ಮಾಡಿದ ಕೂಡಲೇ, ಅವಳು ಹೋಮ್‌ವರ್ಕ್ ಪುಸ್ತಕ ಮಡಚಿ, ತಮ್ಮನ ಕೈ ಹಿಡಿದು, ಹಿತ್ತಲಿಗೆ ಹೋಗಿ ಬಾಗಿಲು ಎಳೆದುಕೊಂಡಳು.