ಖೊರೆನ್ ಆರಿಸಿದ ಸೀಸೆಗಳು

ಜುಲ್ಫಾ ಕೇರಿಯ ಚಪ್ಪಲಿ ಅಂಗಡಿಯ ಖೊರೆನ್‌ಗೆ ಐವತ್ತು ಹತ್ತಿರ ಬಂದರೂ ಮದುವೆಯಾಗಿರಲಿಲ್ಲ. ಹೆಣ್ಣು ಸಿಗಲಿಲ್ಲವೆಂದಲ್ಲ, ಕೇಳುವುದಕ್ಕೆ ಬಾಯಿ ಬರಲಿಲ್ಲ. ಎಂಥ ಗಿರಾಕಿಯನ್ನೂ ನಗಿಸಿ ಕಳಿಸುವ ಮನುಷ್ಯ, ಅದೇ ಬೀದಿಯ ಸಾತೆನಿಕ್ ಎದುರಿಗೆ ಬಂದರೆ ಚಪ್ಪಲಿಯ ಬೆಲೆ ಹೇಳುವುದಕ್ಕೂ ತಡವರಿಸುತ್ತಿದ್ದ. ಆ ಬೇಸಿಗೆಯಲ್ಲಿ ಅವನಿಗೊಂದು ನೆಪ ಸಿಕ್ಕಿತು.

ದ್ರಾಕ್ಷಿ ಹಬ್ಬಕ್ಕೆಂದು ಅವನು ಮನೆಯಲ್ಲೇ ಬಿಯರ್ ಮಾಡುತ್ತಿದ್ದ. ಸಾತೆನಿಕ್ ವಿಧವೆ, ತಾಯಿ ವಾರ್ತಿತೆರ್ ಜೊತೆ ಕಾಯಿದ್ರಾಕ್ಷಿಯ ಹುಳಿರಸ ಮಾರಿ ಬದುಕುವವಳು. ಅವರ ನೆಲಮಾಳಿಗೆ ತುಂಬ ಖಾಲಿ ಸೀಸೆ. ಖೊರೆನ್ ದಿನಾ ಸಂಜೆ ಬಂದು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿಯುವನು, ಬಾಯಂಚಿನ ಮೇಲೆ ಬೆರಳಾಡಿಸುವನು, ಉಗುರಿನಿಂದ ತಟ್ಟಿ ಕಿವಿಗೊಡುವನು. ಬಿಳಿ ಗಾಜು ಬೇಡ, ಬೆಳಕು ತಾಗಿದರೆ ಬಿಯರ್ ನಾರುತ್ತದೆ. ತೆಳು ಗಾಜು ಬೇಡ, ಒಳಗಿನ ಒತ್ತಡಕ್ಕೆ ಒಡೆಯುತ್ತದೆ. ಕಂದು ಬಣ್ಣದ, ದಪ್ಪ ತಳದ್ದೇ ಆಗಬೇಕು. ಇದೆಲ್ಲ ನಿಜವೇ. ಆದರೆ ದಿನಕ್ಕೆ ಎರಡೇ ಸೀಸೆ ಒಪ್ಪುವುದಕ್ಕೆ ಬಿಯರ್ ಕಾರಣವಲ್ಲ ಎನ್ನುವುದು ಬೀದಿಗೆಲ್ಲ ಗೊತ್ತಿತ್ತು.

“ಹೆಣ್ಣು ನೋಡೋಕೆ ಬಂದೋರೂ ಇಷ್ಟು ತಿರುಗಿಸಿ ತಿರುಗಿಸಿ ನೋಡಲ್ಲ, ಖೊರೆನ್ ಅವ್ರೇ,” ಎಂದಳು ಸಾತೆನಿಕ್ ಒಂದು ದಿನ.

ಖೊರೆನ್ ಗಾಬರಿಯಲ್ಲಿ ಕೈಯಲ್ಲಿದ್ದ ಒಳ್ಳೆಯ ಸೀಸೆಯನ್ನೇ ಬೇಡವೆಂದು ಬದಿಗಿಟ್ಟ.

ಅಂತೂ ಬಿಯರ್ ತುಂಬಿ ಮುಚ್ಚಳ ಬಿಗಿದದ್ದಾಯಿತು. ಅವನ ಮಹಡಿಯ ಕೋಣೆಯಲ್ಲಿ ಸೆಕೆ. ಹಾಗಾಗಿ ಸೀಸೆಗಳನ್ನು ಅವಳ ತಂಪು ನೆಲಮಾಳಿಗೆಯಲ್ಲೇ ಸಾಲಾಗಿ ನಿಲ್ಲಿಸಿದ. ದಿನಾ ಬಂದು ನೋಡಬೇಕಲ್ಲ. ಹಬ್ಬದ ದಿನ ಮೊದಲ ಸೀಸೆ ತೆರೆದು ಅವಳನ್ನು ಕೇಳಿಯೇಬಿಡುತ್ತೇನೆ, ಬಿಯರ್ ಕೆಟ್ಟರೆ ಮಾತ್ರ ಈ ಜನ್ಮದಲ್ಲಿ ಕೇಳುವುದಿಲ್ಲ ಎಂದು ಒಳಗೊಳಗೇ ಆಣೆ ಮಾಡಿಕೊಂಡ. ಹೆದರುಪುಕ್ಕಲರಿಗೆ ಇಂಥ ಬುದ್ಧಿ ಬೇಗ ಹೊಳೆಯುತ್ತದೆ.

ಹಬ್ಬದ ಮುನ್ನಾದಿನ ಮಧ್ಯಾಹ್ನ ಬಂದು ನೋಡಿದರೆ ನೆಲಮಾಳಿಗೆ ಖಾಲಿ.

“ಎಲ್ಲಾ ತಾರಸಿ ಮೇಲಿದೆ ಕಣಪ್ಪಾ,” ಎಂದಳು ವಾರ್ತಿತೆರ್, ಸೊಂಟ ಹಿಡಿದುಕೊಂಡು, ಹೆಮ್ಮೆಯಿಂದ. “ಪಾಪ, ಕತ್ತಲಲ್ಲಿ ಬಿದ್ದಿದ್ವು. ನಮ್ಮ ಹುಳಿರಸದ ಪಕ್ಕದಲ್ಲೇ ಬಿಸಿಲಿಗಿಟ್ಟೆ. ಬಿಸಿಲು ಕಾಣದ ರಸ ಹದಕ್ಕೆ ಬರುತ್ತಾ?”

ಅವಳನ್ನು ಬೈದು ಏನು ಫಲ? ಹುಳಿರಸ, ವಿನೆಗರ್, ಎಲ್ಲವನ್ನೂ ಆ ತಾರಸಿಯ ಬಿಸಿಲಿಗೇ ಒಪ್ಪಿಸಿ ಮುದುಕಿಯಾದವಳು. ಖೊರೆನ್ ಉತ್ತರ ಕೊಡುವ ಮೊದಲೇ ಮೇಲಿನಿಂದ ಢಂ ಎಂದಿತು. ಹಿಂದೆಯೇ ಇನ್ನೊಂದು.

ಅವನು ಬಟ್ಟೆ ಒಗೆಯುವ ತಗಡಿನ ತೊಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದು ಮೆಟ್ಟಿಲು ಹತ್ತಿದ. ಸಾತೆನಿಕ್ ನೆಂದ ರಜಾಯಿ ಹೊತ್ತು ಬೆನ್ನಿಗೇ ಬಂದಳು. ತಾರಸಿಯ ಬಾಗಿಲಿನಿಂದಲೇ ಇಬ್ಬರೂ ಸೇರಿ ರಜಾಯಿಯನ್ನು ಸೀಸೆಗಳ ಮೇಲೆ ಬೀಸಿ ಎಸೆದರು. ಅಷ್ಟರಲ್ಲಿ ಮತ್ತೊಂದು ಮುಚ್ಚಳ ಹಾರಿ, ನೊರೆ ಚಿಮ್ಮಿ ಇಬ್ಬರನ್ನೂ ತಲೆಯಿಂದ ಕಾಲಿನವರೆಗೆ ತೋಯಿಸಿತು. ಸಾತೆನಿಕ್‌ಗೆ ನಗು ಹತ್ತಿತು. ಬಾಗಿಲಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತಳು. ಖೊರೆನ್‌ಗೂ ತಡೆಯಲಾಗಲಿಲ್ಲ. ಆದರೆ ಆಣೆ ನೆನಪಾದದ್ದೇ ಅವನ ಮುಖ ಬಾಡಿತು.

“ಇನ್ನು ಕೇಳೋ ಹಾಗಿಲ್ಲ,” ಎಂದುಬಿಟ್ಟ.

“ಏನು ಕೇಳೋ ಹಾಗಿಲ್ಲ?”

“ಬಿಯರ್ ಕೆಟ್ರೆ ನಿಮ್ಮನ್ನ ಕೇಳಲ್ಲ ಅಂತ ಆಣೆ ಮಾಡಿದ್ದೆ.”

ಅವಳು ಭುಜದ ಮೇಲಿನ ನೊರೆಯನ್ನು ಕೈಯಿಂದ ಒರೆಸಿಕೊಂಡು ಅವನನ್ನೇ ನೋಡಿದಳು.

“ಆಣೆ ಮಾಡಿದ್ದು ನೀವು. ನಾನು ಮಾಡಿಲ್ವಲ್ಲ. ನಾನೇ ಕೇಳ್ತೀನಿ, ನನ್ನ ಮದುವೆ ಆಗ್ತೀರಾ?”

ಖೊರೆನ್ ಕೈಯಿಂದ ತೊಟ್ಟಿ ಜಾರಿ ದಡಬಡ ಸದ್ದು ಮಾಡುತ್ತಾ ಕೆಳಗಿನವರೆಗೂ ಉರುಳಿತು. ಅದರ ಸದ್ದು ನಿಲ್ಲುವ ಮೊದಲೇ ಅವನು “ಆಗ್ತೀನಿ” ಅಂದಿದ್ದ.