ಕವರ್ ಬದಲಾದ ಟೈಪ್ ಮಷಿನ್

ನಿನ್ನೆ ಪಕ್ಕದ ಮನೆಯವರು ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಡುತ್ತಿದ್ದರು. ಆ ವಾಸನೆ ಗೋಡೆ ದಾಟಿ ಬಂದಿದ್ದೇ ತಡ, ನಾನು ಅರಕಲಗೂಡಿನ ಈ ಮಗಳ ಮನೆಯಲ್ಲಿ ಇರಲೇ ಇಲ್ಲ. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ, ಮಹಡಿ ಮೇಲಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದೆ...

ಅದಕ್ಕೂ ಮೊದಲೇ ಎರಡು ದಿನದಿಂದ ನನ್ನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಮೊಮ್ಮಗಳು, ನನ್ನ ಮಗಳ ಮಗಳು, ಜರ್ಮನಿಯಲ್ಲಿ ವ್ಯಾಪಾರದ ಕೆಲಸ ಕಲಿಸುವ ಕಾಲೇಜಿಗೆ ಸೇರಿದ್ದಾಳೆ. ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಯಾಯಿತು. ಹಾಲಿನವನಿಗೆ ಎರಡು ಸಲ ಹೇಳಿದೆ. ಆದರೂ ಕೂತರೆ ಏಳೋಣ, ಎದ್ದರೆ ನಡೆಯೋಣ ಅನ್ನಿಸುತ್ತಲೇ ಇತ್ತು.

ಆ ಕಾಲೇಜಿನ ಕಥೆಯನ್ನು ಅವಳೇ ಫೋನಿನಲ್ಲಿ ಓದಿ ಹೇಳಿದಳು. ಬಹಳ ಹಿಂದೆ ಆ ಊರಿನ ವರ್ತಕರು ಸೇರಿಕೊಂಡು, ಅಂಗಡಿ ಮುಚ್ಚಿದ ಮೇಲೆ, ತಮ್ಮ ಕೆಲಸಗಾರರಿಗೆ ಲೆಕ್ಕ ಮತ್ತು ಕಾಗದ ಬರೆಯುವುದನ್ನು ಹೇಳಿಕೊಡಲು ಶುರುಮಾಡಿದ್ದಂತೆ. ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿದ್ದು ಎಷ್ಟೋ ಕಾಲವಾದ ಮೇಲೆ. ಯುದ್ಧದಲ್ಲಿ ಸೂರು ಹಾರಿಹೋಗಿ ಬೇರೆಯವರ ಕಟ್ಟಡದಲ್ಲಿ ಪಾಠ ನಡೆಯಿತಂತೆ. ಈಗ ಆಫೀಸು ಕೆಲಸ, ಸಗಟು ವ್ಯಾಪಾರ, ಬ್ಯಾಂಕು, ವಿಮೆ, ಗೋದಾಮು ನೋಡಿಕೊಳ್ಳುವುದು, ಎಲ್ಲಕ್ಕೂ ಬೇರೆ ಬೇರೆ ಕೋರ್ಸು. ವಾರಕ್ಕೆ ಎರಡು ದಿನ ಪಾಠ, ಮೂರು ದಿನ ಕಂಪನಿಯಲ್ಲಿ ಕೆಲಸ. ಅಲ್ಲೊಂದು ರೂಮಿನಲ್ಲಿ ಕೆಲಸ ಕಲಿಯಲೆಂದು ಮಕ್ಕಳೇ ಒಂದು ಸುಳ್ಳು ಕಂಪನಿ ನಡೆಸುತ್ತಾರಂತೆ. ಸಾಮಾನು ಇಲ್ಲ, ಗಿರಾಕಿ ಇಲ್ಲ, ಆದರೆ ಕಾಗದ ಮಾತ್ರ ಒಂದೇ ಸಮ ಓಡಾಡುತ್ತದೆ.

ಅದನ್ನು ಕೇಳಿ ನಾನು ನಕ್ಕೆ. ನಮ್ಮ ಟೈಪಿಂಗ್ ಮೇಷ್ಟ್ರೂ ಅದನ್ನೇ ಮಾಡಿಸುತ್ತಿದ್ದರು.

ಆಗ ನಾನು ಮಂಡಿಯಲ್ಲಿ ಮೂಟೆ ಹೊರುತ್ತಿದ್ದೆ. ಓದಿದ್ದು ಮೂರನೇ ಕ್ಲಾಸು. ಬೆಳಿಗ್ಗೆ ಇನ್‌ಸ್ಟಿಟ್ಯೂಟಿನ ಕಸ ಗುಡಿಸಿ, ಪರೀಕ್ಷೆ ಬಂದಾಗ ಮಷಿನ್ನು ಹೊತ್ತು ಕೊಡುತ್ತಿದ್ದೆ. ಅದಕ್ಕೆ ಪ್ರತಿಯಾಗಿ ಮೇಷ್ಟ್ರು ನನ್ನ ಮಗಳಿಗೆ ಇಂಗ್ಲಿಷ್ ಟೈಪಿಂಗ್ ಹೇಳಿಕೊಡುತ್ತಿದ್ದರು. ಇಲ್ಲದ ಊರಿನ ಇಲ್ಲದ ಕಂಪನಿಗೆ ‘ನಿಮ್ಮ ಸರಕು ಇನ್ನೂ ತಲುಪಿಲ್ಲ’ ಎಂದು ಹುಡುಗಿಯರು ಹಾಳೆಗಟ್ಟಲೆ ಟೈಪು ಮಾಡುತ್ತಿದ್ದರು. ಒಂದು ದಿನ ಆ ಕಟ್ಟು ನೋಡಿ ಕೇಳಿದೆ, “ಸಾ, ಇವ್ನೆಲ್ಲ ಪೋಸ್ಟಿಗೆ ಆಕ್ಬುಡ್ಲಾ?”

“ಹಾಕಯ್ಯ, ಉತ್ತರ ಬಂದ್ರೆ ನಂಗೂ ಒಂದು ತೋರ್ಸು” ಅಂದರು. ಮುಖದಲ್ಲಿ ನಗುವೇ ಇಲ್ಲ.

ಸದಾ ಬಿಳಿ ಅಂಗಿ, ಇಸ್ತ್ರಿ ಮುರಿಯದ ತೋಳು. ಮಷಿನ್ನನ್ನು ಬಸ್ಸಿನ ನೆಲಕ್ಕೆ ಇಡುವಂತಿಲ್ಲ ಎಂಬುದು ಅವರ ಕಟ್ಟಪ್ಪಣೆ. ಕುಲುಕಿದರೆ ಅಕ್ಷರದ ಸಾಲು ಕೆಡುತ್ತದಂತೆ. ಹಾಸನಕ್ಕೆ ಪರೀಕ್ಷೆಗೆ ಹೋಗುವವರು ಅವರವರ ಮಷಿನ್ನನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡೇ ಹೋಗಬೇಕು.

ಮಗಳ ಪರೀಕ್ಷೆ ಬಂತು. ಅಷ್ಟರಲ್ಲಿ ನಮ್ಮಣ್ಣ ಚನ್ನರಾಯಪಟ್ಟಣದ ಕಡೆ ಒಂದು ಗಂಡು ನೋಡಿಬಿಟ್ಟಿದ್ದ. “ಪಾಸಾದ್ರೆ ಕೆಲ್ಸಕ್ಕೋಗ್ಲಿ. ಇಲ್ದಿದ್ರೆ ಬಾಯ್ಮುಚ್ಕಂಡು ಮದ್ವೆ ಮಾಡ್ಬುಡು ಕಣ್ಲಾ” ಅಂದಿದ್ದ. ನಾನು ಒಪ್ಪಿದ್ದೆ. ಮಗಳಿಗೂ ಅದು ಗೊತ್ತಿತ್ತು.

ಹಿಂದಿನ ದಿನ ಸಂಜೆ ಮೇಷ್ಟ್ರು ಬೀಗದ ಕೈ ನನಗೆ ಕೊಟ್ಟರು. ಹಾಸನಕ್ಕೆ ಹೋಗಬೇಕಾದ ಮೂರು ಮಷಿನ್ನಿನ ಕವರಿಗೆ ಕೆಂಪು ದಾರ ಕಟ್ಟಿದ್ದರು. ಬೆಳಿಗ್ಗೆ ಅವನ್ನು ಬಸ್ ಸ್ಟ್ಯಾಂಡಿಗೆ ತಂದರೆ ಸಾಕು ಅಂದಿದ್ದರು. ನನಗೆ ಅಷ್ಟು ಸಾಕಾಗಲಿಲ್ಲ. ಮಗಳ ಹಣೆಬರಹ ಬರೆಯುವ ಮಷಿನ್ನಿಗೆ ಪೂಜೆ ಮಾಡದೆ ಕಳಿಸುವುದೇ? ಒಂದಕ್ಕೆ ಮಾಡಿ ಉಳಿದವನ್ನು ಬಿಟ್ಟರೆ ಅದೂ ತಪ್ಪು. ಅಲ್ಲಿದ್ದ ಇಂಗ್ಲಿಷು, ಕನ್ನಡ ಎರಡೂ ಸೇರಿ ಆರಕ್ಕೆ ಆರರ ಕವರನ್ನೂ ತೆಗೆದೆ, ವಿಭೂತಿ ಬಳಿದೆ, ಹೂವಿಟ್ಟೆ, ಊದಿನಕಡ್ಡಿ ಬೆಳಗಿದೆ. ಆಮೇಲೆ ಹೂವು ತೆಗೆದು ಕವರು ಮುಚ್ಚಿದೆ. ಯಾವ ಕವರು ಯಾವುದಕ್ಕೆ ಎಂದು ಯೋಚನೆ ಕೂಡ ಬರಲಿಲ್ಲ...

ಹಾಸನದ ಪರೀಕ್ಷೆ ಹಾಲಿನಲ್ಲಿ ಮಗಳು ಕವರು ತೆಗೆದಳು. ಕನ್ನಡ ಮಷಿನ್ನು. ಉಳಿದ ಇಬ್ಬರದು ಸರಿಯಾಗಿಯೇ ಇತ್ತು, ಅವಳು ಕಲಿತ ಇಂಗ್ಲಿಷಿನದು ಮಾತ್ರ ಹೊಳೆನರಸೀಪುರದಲ್ಲೇ ಕೂತಿತ್ತು. ಮಗಳು ಅಳಲಿಲ್ಲ, ಬೆರಳುಗಳನ್ನು ಮಾತ್ರ ಮಡಿಚಿಕೊಂಡಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಮೇಷ್ಟ್ರು ಬಂದು ಬಗ್ಗಿ ನೋಡಿದರು. ಮಷಿನ್ನಿನ ನೆತ್ತಿಯ ಮೇಲೆ ಮೂರು ಪಟ್ಟೆ ವಿಭೂತಿ. ಕರ್ಚೀಫು ತೆಗೆದು, ಮೇಲ್ವಿಚಾರಕರು ಬರುವಷ್ಟರಲ್ಲಿ ಒರೆಸಿಬಿಟ್ಟರು. ನನ್ನ ಕಡೆ ಒಂದು ಸಲ ನೋಡಿದರು. ಅಷ್ಟೇ.

“ತಪ್ಪು ನಂದು ಸಾರ್. ಕವರ್ ಹಾಕಿದ್ದು ನಾನೇ” ಎಂದು ಮೇಲ್ವಿಚಾರಕರಿಗೆ ಹೇಳಿದರು. “ಈ ಹುಡ್ಗೀನ ಮಧ್ಯಾಹ್ನದ ಬ್ಯಾಚಿಗೆ ಹಾಕ್ಕೊಡಿ, ಮಷಿನ್ ತರ್ತೀನಿ.”

ಮೇಲ್ವಿಚಾರಕರು ಗೋಡೆಯ ಗಡಿಯಾರ ನೋಡಿದರು, ಹೆಸರಿನ ಪಟ್ಟಿ ತಿರುವಿದರು. ಕೊನೆಗೆ, “ಬೆಲ್ಲಾಗೋಕ್ ಮುಂಚೆ ಟೇಬಲ್ ಮೇಲಿರ್ಬೇಕು. ಇಲ್ಲಾಂದ್ರೆ ನನ್ನ ಕೇಳ್ಬೇಡಿ” ಅಂದರು.

ನಾನು ಓಡಲು ಹೊರಟೆ. ಮೇಷ್ಟ್ರು ತೋಳು ಹಿಡಿದು ನಿಲ್ಲಿಸಿ, ಬೀಗದ ಕೈ ಇಸಿದುಕೊಂಡರು. “ನೀನು ಬೇಡ. ಮಗಳ ಹತ್ರ ಕೂತ್ಕೊ. ಏನಾದ್ರೂ ತಿನ್ಸು.”

ಆ ಹೊತ್ತು ನಾನು ಹೇಗೆ ಕಳೆದೆನೋ... ಗೇಟಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ತಂದ ಇಡ್ಲಿಯನ್ನು ಮಗಳು ಮುಟ್ಟಲಿಲ್ಲ. “ಮೇಷ್ಟ್ರಿಗೆ ಎಂಗಪ್ಪ ಮರೆತೋಯ್ತು?” ಎಂದು ಒಂದೇ ಸಲ ಕೇಳಿದಳು. ನಾನು ರಸ್ತೆ ನೋಡಿದೆ.

ಬೆಲ್ಲಿಗೆ ಇನ್ನೇನು ಸ್ವಲ್ಪ ಇದೆ ಅನ್ನುವಾಗ ಆಲೂಗೆಡ್ಡೆ ಲಾರಿಯೊಂದು ಗೇಟಿನ ಮುಂದೆ ನಿಂತಿತು. ಬಸ್ಸು ಸಿಕ್ಕಿರಲಿಲ್ಲವಂತೆ. ಮೇಷ್ಟ್ರು ಮೂಟೆಗಳ ಮೇಲೆ ಕಾಲು ಮಡಿಚಿ ಕೂತಿದ್ದರು, ತಲೆಯಿಂದ ಕಾಲಿನವರೆಗೂ ಕೆಮ್ಮಣ್ಣು. ಮಷಿನ್ನು ತೊಡೆಯ ಮೇಲಿತ್ತು. ಇಳಿಸಿಕೊಳ್ಳಲು ನಾನು ಕೈ ಚಾಚಿದರೆ, “ಮೆಲ್ಗೆ” ಅಂದರು, “ಕುಲುಕ್ಬೇಡ.” ಕಾಲು ಜೋಮು ಹಿಡಿದು ಅವರಿಗೇ ಇಳಿಯಲು ಆಗಲಿಲ್ಲ. ಡ್ರೈವರು ಎತ್ತಿ ಇಳಿಸಿದ.

ಮಗಳು ಪಾಸಾದಳು. ತಾಲ್ಲೂಕು ಆಫೀಸಿನಲ್ಲಿ ಕೆಲಸ ಹಿಡಿದಳು, ಆಮೇಲೆ ತಾನು ಒಪ್ಪಿದವನನ್ನೇ ಮದುವೆಯಾದಳು. ನಾನು ಕಸ ಗುಡಿಸಲು ಹೋಗುತ್ತಲೇ ಇದ್ದೆ. ತಪ್ಪಾಯ್ತು ಅಂತ ಮೇಷ್ಟ್ರಿಗೆ ಇವತ್ತು ಹೇಳೋಣ, ನಾಳೆ ಹೇಳೋಣ ಅಂದುಕೊಂಡೆ. ಮೇಷ್ಟ್ರು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಂಪ್ಯೂಟರು ಬಂದು ಇನ್‌ಸ್ಟಿಟ್ಯೂಟು ಮುಚ್ಚಿತು. ಕೆಲವು ವರ್ಷಕ್ಕೆ ಮೇಷ್ಟ್ರೂ ಹೋದರು. ಸುದ್ದಿ ನನಗೆ ತಲುಪುವಾಗ ತಿಥಿಯೂ ಮುಗಿದಿತ್ತು.

ನಿನ್ನೆ ಸಂಜೆ ಮೊಮ್ಮಗಳು ಮತ್ತೆ ಫೋನು ಮಾಡಿದಳು. ಕಂಪನಿಯಲ್ಲಿ ಯಾವುದೋ ಕಾಗದವನ್ನು ತಪ್ಪಾದ ಊರಿಗೆ ಕಳಿಸಿಬಿಟ್ಟಳಂತೆ, ಹೆದರಿದ್ದಳು. ಮಗಳು ಸಮಾಧಾನ ಮಾಡುತ್ತಾ, “ಅದಕ್ಯಾಕೆ ಅಳ್ತೀಯ? ನಮ್ಮ ಟೈಪಿಂಗ್ ಮೇಷ್ಟ್ರು ಪರೀಕ್ಷೆ ದಿನಾನೇ ಮಷಿನ್ ಬದ್ಲಾಯ್ಸಿದ್ರು. ಅಂಥ ಮರೆಗುಳಿ” ಎಂದು ನಕ್ಕಳು.

ನಾನು ಎದ್ದು ನಿಂತೆ.

“ಮೇಷ್ಟ್ರಲ್ಲ ಕಣವ್ವ. ಬದಲಾಯ್ಸಿದ್ದು ನಾನು.”

ಎಲ್ಲ ಹೇಳಿದೆ, ಊದಿನಕಡ್ಡಿಯವರೆಗೂ. ಮಗಳು ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಅಂದುಕೊಂಡೆ.

“ಅವ್ರಿಗೆ ತಪ್ಪಾಯ್ತು ಅಂತ ಹೇಳಿದ್ಯಾ ಅಪ್ಪ?”

“ಇಲ್ಲ.”

“ಅವ್ರ ಹೆಂಡ್ತಿ ಇದಾರಂತೆ, ಹೊಳೆನರಸೀಪುರದಲ್ಲೇ” ಅಂದಳು. “ನಾಳೆ ರಜಾ ಹಾಕ್ತೀನಿ. ಇಬ್ರೂ ಹೋಗನ.”

ಬಸ್ಸು ಒಂಬತ್ತಕ್ಕೆ. ನಾನು ಆರಕ್ಕೇ ಸ್ನಾನ ಮಾಡಿ, ಅಂಗಿ ತೊಟ್ಟು, ಬಾಗಿಲಲ್ಲಿ ನಿಂತಿದ್ದೇನೆ. ಆ ಅಮ್ಮನಿಗೆ ಮೊಮ್ಮಗಳ ಸುದ್ದಿ ಮೊದಲು ಹೇಳುವುದೋ, ಇದನ್ನು ಮೊದಲು ಹೇಳುವುದೋ ತಿಳಿಯುತ್ತಿಲ್ಲ. ಎರಡನ್ನೂ ಕೇಳಬೇಕಾಗಿದ್ದವರು ಮಾತ್ರ ಆ ಮನೆಯಲ್ಲಿ ಇರುವುದಿಲ್ಲ...